ಮೋಡಕ್ಕೆ ಮಾಫಿ

ಮಳೆಗಾಲಕ್ಕೆ ಮೊದಲು ನಮ್ಮ ಜೋಗೇಶ್ವರಿಯ ಕಟ್ಟಡದ ಟೆರೇಸಿಗೆ ಡಾಂಬರು ಹಚ್ಚುತ್ತಾರೆ. ಆ ವಾಸನೆ ಲಿಫ್ಟಿನೊಳಗೆ ಇಳಿದು, ಬಾಗಿಲ ಸಂದಿಯಿಂದ ನುಗ್ಗಿ, ಎರಡು ದಿನ ಮನೆಯಲ್ಲೇ ಠಿಕಾಣಿ ಹೂಡುತ್ತದೆ. ಉಳಿದವರು ಕಿಟಕಿ ಮುಚ್ಚಿಕೊಂಡು ಸೊಸೈಟಿಯನ್ನು ಬಯ್ಯುತ್ತಾರೆ. ನಾನು ಕಿಟಕಿ ತೆರೆದಿಟ್ಟುಕೊಂಡು ನನ್ನನ್ನೇ ಬಯ್ದುಕೊಳ್ಳುತ್ತೇನೆ. ಬಿಸಿಲು ಕುಡಿದ ಡಾಂಬರು ಸಂಜೆಯಾದ ಮೇಲೆ ಬಿಡುವ ಆ ಕಾವು, ಅಂಗಾಲಿಗೆ ಸ್ವಲ್ಪ ಅಂಟುವ ಆ ಮೆತ್ತನೆ ನೆಲ, ಮೇಲೆ ಆಕಾಶ: ನನ್ನ ಬಾಲ್ಯವೆಂದರೆ ಇಷ್ಟೇ. ಮೊನ್ನೆ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಒಂದು ಕರೆ ಬಂತು. ಟೆರೇಸಿನ ಮೇಲೆ ಎಲ್ಲರೂ ಸೇರಿ ನಕ್ಷತ್ರ ನೋಡೋಣ, ಮೊಬೈಲ್ ತರಲು ಮರೆಯಬೇಡಿ, ಆ್ಯಪ್ ಹಿಡಿದರೆ ಯಾವ ನಕ್ಷತ್ರ ಎಂದು ಅದೇ ಹೇಳುತ್ತದೆ ಎಂದು. ನಾನು ಹೋಗಲಿಲ್ಲ. ಕತ್ತು ಎತ್ತಲು ಬಾರದವರು ಆಕಾಶಕ್ಕೂ ಒಂದು ಪರದೆ ಹಿಡಿದು ನೋಡುತ್ತಾರೆ, ನೋಡಲಿ. ಸುತ್ತಲಿನ ಟವರುಗಳ ದೀಪ, ಫ್ಲೈಓವರಿನ ದೀಪ, ಅಂಧೇರಿಗೆ ಇಳಿಯುವ ವಿಮಾನಗಳ ದೀಪ, ಇವೆಲ್ಲದರ ನಡುವೆ ಅವರಿಗೆ ಕಂಡದ್ದೇನು ಎಂದು ಕೇಳುವ ಚಪಲವನ್ನೂ ತಡೆದುಕೊಂಡೆ. ನಿಮಗೂ ಒಂದು ಟೆರೇಸು, ಒಂದು ಅಂಗಳ, ಕಡೆಗೆ ಒಂದು ಕಿಟಕಿಯಾದರೂ ಕಳೆದುಹೋಗಿದ್ದರೆ ನನ್ನ ಸಿಟ್ಟು ನಿಮಗೆ ಅರ್ಥವಾದೀತು.

ನಾನು ಹುಟ್ಟಿ ಬೆಳೆದದ್ದು ಆಂಟಾಪ್ ಹಿಲ್‌ನ ನಾಲ್ಕು ಮಾಳಿಗೆಯ ಒಂದು ಹಳೆಯ ಬಿಲ್ಡಿಂಗಿನಲ್ಲಿ. ಮೊದಲ ಮಾಳಿಗೆಯ ಒಂದೂವರೆ ಕೋಣೆಯಲ್ಲಿ ಅಪ್ಪ, ಅಮ್ಮ, ಅಪ್ಪನ ತಾಯಿ ಮತ್ತು ನಾನು. ಅಜ್ಜ ಕುಂದಾಪುರದ ಕಡೆಯಿಂದ ಬಂದು ಹೋಟೆಲಿನ ಅಡಿಗೆಮನೆಯಲ್ಲಿ ಬೆಂದು ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದರು. ಅವರ ನಾಲಿಗೆಯ ಖಾರವನ್ನೆಲ್ಲ ಅಜ್ಜಿಗೆ ಬಿಟ್ಟುಹೋಗಿದ್ದರು ಎಂದು ಅಪ್ಪ ಹೇಳುತ್ತಿದ್ದ. ನನಗೆ ವರ್ಷ ತುಂಬುವ ಮೊದಲೇ ಜ್ವರ ನೆತ್ತಿಗೇರಿ ಸೆಳವು ಬಂದು, ಆಸ್ಪತ್ರೆಯವರು ಕೈಚೆಲ್ಲಿದ್ದರಂತೆ. ಆಗ ಎದುರು ಮನೆಯ ಮರಾಠಿ ಹೆಂಗಸು, ನಮಗೆಲ್ಲ ಕಾಕು, ಅಜ್ಜಿಯ ಕಿವಿಯಲ್ಲಿ ಸಂಕಷ್ಟಿಯ ವಿಷಯ ಹೇಳಿದಳು. ಹುಣ್ಣಿಮೆಯಾದ ನಾಲ್ಕನೆಯ ದಿನ ಇಡೀ ದಿನ ಉಪವಾಸವಿದ್ದು, ಚಂದ್ರ ಮೂಡಿದ ಮೇಲೆ ಅವನಿಗೆ ನೀರು ಬಿಟ್ಟು, ಗಣಪತಿಗೆ ಕೈಮುಗಿದು ಊಟ ಮಾಡುವುದು. ಅಜ್ಜಿ ಅಲ್ಲೇ ಆಸ್ಪತ್ರೆಯ ಬೆಂಚಿನ ಮೇಲೆ ಹರಕೆ ಹೊತ್ತಳು: ಈ ಹೆಣ್ಣುಮಗು ಉಳಿದರೆ ಹನ್ನೆರಡು ವರ್ಷ ತಪ್ಪದೆ ಸಂಕಷ್ಟಿ ಹಿಡಿಯುತ್ತೇನೆ, ಒಂದು ತಪ್ಪಿದರೂ ಮತ್ತೆ ಒಂದರಿಂದ ಶುರು. ನಾನು ಉಳಿದೆ. ಗಣಪತಿಗೂ ಅಜ್ಜಿಗೂ ಆದ ಈ ಕರಾರಿನ ಮಾತನ್ನು ನಾನು ಮಗ್ಗಿಯ ಹಾಗೆ ಕೇಳುತ್ತ ಬೆಳೆದೆ. ಮಗ್ಗಿಯ ಹಾಗೆಯೇ, ಅದರ ಅರ್ಥ ಮಾತ್ರ ತಲೆಗೆ ಹತ್ತಿರಲಿಲ್ಲ.

ಚಂದ್ರನನ್ನು ನೋಡಬೇಕಾದರೆ ಟೆರೇಸಿಗೆ ಹೋಗಬೇಕು, ಟೆರೇಸಿನ ಬೀಗದ ಕೈ ನಾಲ್ಕನೆಯ ಮಾಳಿಗೆಯ ಸೆಕ್ರೆಟರಿಯ ಬಳಿ. ಅಜ್ಜಿ ಅವನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ, ‘ಬೀಗದವ’ ಅನ್ನುತ್ತಿದ್ದಳು. ಟೆರೇಸಿನಲ್ಲಿ ಹಪ್ಪಳ ಒಣಗಿಸಬಾರದು, ಹಾಸಿಗೆ ಹಾಕಬಾರದು, ಮಕ್ಕಳು ಓಡಬಾರದು. ಡಾಂಬರು ಏಳುತ್ತದೆ, ಕೆಳಗೆ ತನ್ನ ಮನೆಯೇ ಸೋರುತ್ತದೆ ಎನ್ನುವುದು ಅವನ ವಾದ. ಸೋರುತ್ತಿದ್ದುದು ನಿಜವೇ ಎಂದು ಈಗ ಒಪ್ಪಿಕೊಳ್ಳುತ್ತೇನೆ, ಆಗ ಒಪ್ಪುತ್ತಿರಲಿಲ್ಲ. ತಿಂಗಳಿಗೊಮ್ಮೆ ಸಂಜೆ ಏಳೂವರೆಗೆ ಅಜ್ಜಿ ತಟ್ಟೆ, ಚೊಂಬು, ಗರಿಕೆ, ಕೆಂಪು ದಾಸವಾಳ ಹಿಡಿದು ಅವನ ಬಾಗಿಲ ಮುಂದೆ ನಿಲ್ಲುತ್ತಿದ್ದಳು, ಹಿಂದೆ ನಾನು. ಅವನು ಬಾಗಿಲು ಅರ್ಧ ತೆರೆದು, “ಆಜಿ, ಟೆರೇಸ್ ಬಂದ್ ಹೈ. ರೂಲ್ ಹೈ,” ಎನ್ನುತ್ತಿದ್ದ. “ನಿನ್ನ್ ರೂಲ್ ಚಂದ್ರಂಗೆ ಹೇಳ್. ಅವ್ನ್ ಮೂಡುದ್ ನಿಲ್ಸ್‌ಲಿ, ನಾನೂ ಬಪ್ಪುದ್ ನಿಲ್ಸ್ತೆ,” ಎಂದು ಅಜ್ಜಿ ನಮ್ಮ ಊರಿನ ಕನ್ನಡದಲ್ಲೇ ಜಾಡಿಸುತ್ತಿದ್ದಳು. ಅವನಿಗೆ ಒಂದಕ್ಷರ ತಿಳಿಯುತ್ತಿರಲಿಲ್ಲ, ಆದರೆ ಪೂರ್ತಿ ಅರ್ಥವಾಗುತ್ತಿತ್ತು. ಅಷ್ಟಕ್ಕೂ ಕೊಡದಿದ್ದರೆ ಅಜ್ಜಿ ಅವನ ಹೊಸ್ತಿಲ ಮುಂದಿನ ಮೆಟ್ಟಿಲ ಮೇಲೆ ಕೂತು ಗಣಪತಿಯ ಸ್ತೋತ್ರವನ್ನು ಇಡೀ ಬಿಲ್ಡಿಂಗಿಗೆ ಕೇಳುವಂತೆ ಶುರುಮಾಡುತ್ತಿದ್ದಳು. ಮೂರನೆಯ ಸುತ್ತಿನ ಹೊತ್ತಿಗೆ ಬೀಗದ ಕೈ ಹೊರಗೆ ಬರುತ್ತಿತ್ತು. ಹೀಗೆ ಪ್ರತಿ ತಿಂಗಳೂ, ಎಂದರೆ ಪ್ರತಿ ತಿಂಗಳೂ, ಇಬ್ಬರೂ ಯುದ್ಧಕ್ಕೆ ಹೊಸದಾಗಿ ಸಿದ್ಧರಾಗಿ ನಿಲ್ಲುತ್ತಿದ್ದರು.

ಮೇಲೆ ಹೋದ ಮೇಲೆ ಕಾಯುವುದೊಂದೇ ಕೆಲಸ. ಕಾಕುವಿನ ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಚಂದ್ರೋದಯದ ಹೊತ್ತು ಮುಂಬಯಿಗೆಂದೇ ಅಚ್ಚಾಗಿರುತ್ತಿತ್ತು. ಕಾಕು ಆ ಹೊತ್ತಿಗೆ ಸರಿಯಾಗಿ ಕಿಟಕಿಯಿಂದಲೇ ನೀರು ಬಿಟ್ಟು ಊಟಕ್ಕೆ ಕೂರುತ್ತಿದ್ದಳು. ಅಜ್ಜಿಗೆ ಅದು ಒಗ್ಗುತ್ತಿರಲಿಲ್ಲ. ಕಣ್ಣಿಗೆ ಬೀಳದ ಚಂದ್ರನಿಗೆ ನೀರು ಬಿಡುವುದು ಬಾರದ ನೆಂಟರಿಗೆ ಎಲೆ ಹಾಕಿದ ಹಾಗೆ ಎನ್ನುತ್ತಿದ್ದಳು. ಪೂರ್ವಕ್ಕೆ ಆಗ ಏನೂ ಇರಲಿಲ್ಲ. ವಡಾಲಾ ಕಡೆಯ ಉಪ್ಪಿನ ಗದ್ದೆಗಳು ಕತ್ತಲಲ್ಲಿ ಮಂಕಾಗಿ ಹೊಳೆಯುತ್ತಿದ್ದವು, ಅವುಗಳಾಚೆ ಟ್ರಾಂಬೆಯ ಗುಡ್ಡದ ಗೆರೆ. ಅಲ್ಲಿಂದ ಚಂದ್ರ ಬರಬೇಕು. ಬರುವವರೆಗಿನ ಕತ್ತಲು ನಮ್ಮಿಬ್ಬರದು. ಹುಣ್ಣಿಮೆಯ ದಿನ ನಕ್ಷತ್ರಗಳು ಕಾಣುವುದಿಲ್ಲ, ಅಮಾವಾಸ್ಯೆಯ ದಿನ ಅಜ್ಜಿ ಟೆರೇಸಿಗೆ ಬರುವುದಿಲ್ಲ. ಸಂಕಷ್ಟಿಯ ಆ ಒಂದು ಗಂಟೆಯಲ್ಲಿ ಮಾತ್ರ ಆಕಾಶ ನಮಗೆಂದು ತೆರೆದಿರುತ್ತಿತ್ತು. ಡಾಂಬರಿನ ಕಾವು ಬೆನ್ನಿಗೆ ಹತ್ತುವಂತೆ ಚಾಪೆಯ ಮೇಲೆ ಅಂಗಾತ ಮಲಗಿದರೆ, ಮೊದಲು ಐದಾರು ಕಾಣುತ್ತಿದ್ದವು, ಕಣ್ಣು ಕತ್ತಲಿಗೆ ಪಳಗಿದ ಹಾಗೆ ಒಂದೊಂದಾಗಿ ಉಳಿದವು ನಾಚಿಕೆ ಬಿಟ್ಟು ಹೊರಬರುತ್ತಿದ್ದವು. ಅಜ್ಜಿಗೆ ಶಾಸ್ತ್ರದ ಹೆಸರುಗಳು ಗೊತ್ತಿದ್ದವೋ ಇಲ್ಲವೋ, ಹೇಳಿದ್ದು ಮಾತ್ರ ಅಡಿಗೆಮನೆಯವು. ಚಳಿಗಾಲದಲ್ಲಿ ಸಾಲಾಗಿ ನಿಲ್ಲುವ ಮೂರು ನಕ್ಷತ್ರ ಅವಳಿಗೆ ‘ಮೂರು ಇಡ್ಲಿ’. ಕೃತ್ತಿಕೆಯ ಗೊಂಚಲು ‘ಸಾಸಿವೆ ಸಿಡಿದದ್ದು’. ಬೇಸಿಗೆಯಲ್ಲಿ ಉತ್ತರಕ್ಕೆ ಕಾಣುವ ಸಪ್ತರ್ಷಿ ಮಂಡಲ ‘ಸಾಂಬಾರಿನ ಸೌಟು’. ಹಸಿದ ಹೊಟ್ಟೆಗೆ ಆಕಾಶವೆಲ್ಲ ಊಟವಾಗಿಯೇ ಕಾಣುತ್ತಿತ್ತು ಎಂದು ನನಗೆ ಎಷ್ಟೋ ವರ್ಷಗಳ ಮೇಲೆ ಹೊಳೆಯಿತು.

ಚಂದ್ರ ಗುಡ್ಡದ ಮೇಲೆ ಕೆಂಪಗೆ, ಒಂದು ಬದಿ ಸವೆದು ಮೂಡಿದ ಕೂಡಲೇ ಅಜ್ಜಿ ಅವನನ್ನು ಬಯ್ಯುತ್ತಿದ್ದಳು. ತಡವಾಗಿ ಬಂದ ಸಪ್ಲೈಯರನನ್ನು ಗಲ್ಲಾದಲ್ಲಿ ಕೂತ ಧಣಿ ಬಯ್ಯುವ ಹಾಗೆ: “ಎಲ್ಲ್ ಸತ್ತಿದ್ಯಾ ಇಷ್ಟ್ ಹೊತ್ತ್? ಇಲ್ಲ್ ಹಸ್ಕಂಡ್ ಕೂತದ್ದ್ ಕಾಣ್ತಿಲ್ಯಾ?” ಬಯ್ದು ಮುಗಿಸಿ, ಸೆರಗು ಸರಿಮಾಡಿಕೊಂಡು, ಅದೇ ಉಸಿರಿನಲ್ಲಿ ನೀರು ಬಿಟ್ಟು ಕೈಮುಗಿಯುತ್ತಿದ್ದಳು. ಮಳೆಗಾಲದ ನಾಲ್ಕು ತಿಂಗಳು ಮಾತ್ರ ಅವಳೂ ಕ್ಯಾಲೆಂಡರಿನ ಹೊತ್ತಿಗೆ ತಲೆಬಾಗುತ್ತಿದ್ದಳು, ಮೋಡದ ಕಡೆಗೇ ನೀರು ಬಿಟ್ಟು ಕೆಳಗಿಳಿಯುತ್ತಿದ್ದಳು. ನನಗೆ ಹತ್ತೋ ಹನ್ನೊಂದೋ ಇರುವಾಗ ಉಪ್ಪಿನ ಗದ್ದೆಗಳ ಅಂಚಿನಲ್ಲಿ ಮೊದಲ ಟವರು ಏಳತೊಡಗಿತು. ಚಂದ್ರ ಕಾಲು ಗಂಟೆ, ಆಮೇಲೆ ಅರ್ಧ ಗಂಟೆ ತಡವಾದ. ಮೋಡವಿದ್ದಾಗ ಕಾಣದೆಯೇ ಊಟ ಮಾಡುವುದಿಲ್ಲವೇ, ಟವರಿನ ಹಿಂದೆ ಮೂಡಿದ್ದಾನೆ ಎಂದುಕೊಂಡು ಮುಗಿಸಿಬಿಡಿ ಎಂದು ಅಮ್ಮ ಹೇಳಿ ನೋಡಿದಳು. ಅಜ್ಜಿ ಆಗ ಹೇಳಿದ ಮಾತು ನಮ್ಮ ಮನೆಯಲ್ಲಿ ಶಾಸನವಾಗಿ ಉಳಿಯಿತು. “ಮೋಡ ದೇವ್ರದ್ದ್, ಅದಕ್ಕೆ ಮಾಫಿ ಇತ್ತ್. ಬಿಲ್ಡಿಂಗ್ ಮನ್ಷರದ್ದ್. ಅದಕ್ಕೆಂತಕೆ ಮಾಫಿ?”

ಅಷ್ಟು ಹೊತ್ತಿಗೆ ಅವಳ ಕಣ್ಣಿಗೆ ಪೊರೆ ಬರತೊಡಗಿತ್ತು. ದೂರದ್ದೆಲ್ಲ ಹಾಲಿನಲ್ಲಿ ಅದ್ದಿದ ಹಾಗೆ ಕಾಣುತ್ತದೆ ಎನ್ನುತ್ತಿದ್ದಳು. ಆದ್ದರಿಂದ ಚಂದ್ರನನ್ನು ಮೊದಲು ಕಂಡು ಹೇಳುವ ಕೆಲಸ ನನ್ನದಾಯಿತು. “ಬಂದ್ನಾ ಹೆಣ್ಣೇ?” ಎಂದು ಅವಳು ಕೇಳುವುದು, “ಇಲ್ಲೆ ಅಜ್ಜಿ” ಎಂದು ನಾನು ಹೇಳುವುದು, ಮತ್ತೆ ಕೇಳುವುದು, ಮತ್ತೆ ಹೇಳುವುದು. ನನಗೆ ಹನ್ನೆರಡು ನಡೆಯುತ್ತಿದ್ದ ವರ್ಷ, ನವರಾತ್ರಿ ಕಳೆದ ಮೇಲಿನ ಸಂಕಷ್ಟಿಯ ದಿನ, ಎರಡನೆಯ ಮಾಳಿಗೆಯ ಗೆಳತಿಯ ಹುಟ್ಟುಹಬ್ಬ ಬಂತು. ಎಂಟೂವರೆಗೆ ಕೇಕ್ ಕತ್ತರಿಸುವುದೆಂದು ಹೇಳಿದ್ದರು. ಕ್ಯಾಲೆಂಡರಿನ ಹೊತ್ತು ಮುಗಿಯಿತು, ಚಂದ್ರನಿಲ್ಲ. ಕೆಳಗಿನಿಂದ ಮಕ್ಕಳ ಕೂಗು, ಹಾಡು, ಬಲೂನು ಒಡೆದ ಸದ್ದು ಮೇಲಕ್ಕೆ ಬರುತ್ತಿದ್ದವು. ನಾನು ಅಜ್ಜಿಯನ್ನು ಮನಸ್ಸಿನಲ್ಲೇ ಶಪಿಸಿದೆ. ಇವಳ ಹರಕೆ, ಇವಳ ಹಟ, ಇವಳ ಕುರುಡು ಕಣ್ಣು ಎಲ್ಲ ನನ್ನ ಪಾಲಿಗೇ ಏಕೆ ಬಂತು ಎಂದು ಹಲ್ಲು ಕಚ್ಚಿದೆ. ಕಟ್ಟುತ್ತಿದ್ದ ಎರಡನೆಯ ಟವರಿನ ಪಕ್ಕದಲ್ಲಿ ಒಂದು ಕ್ರೇನು ನಿಂತಿತ್ತು. ಅದರ ತೋಳಿನ ಮೇಲೆ ಒಂದು ದೊಡ್ಡ ಹಳದಿ ದೀಪ ಆಗಷ್ಟೇ ಹೊತ್ತಿಕೊಂಡಿತು. ದುಂಡಗೆ, ಕೆಂಪುಹಳದಿ ಬಣ್ಣದಲ್ಲಿ, ಚಂದ್ರ ಬರಬೇಕಾದ ಕಡೆಯಲ್ಲೇ. “ಬಂದ್ನಾ ಹೆಣ್ಣೇ?” ಎಂದು ಅಜ್ಜಿ ಕೇಳಿದಳು. “ಬಂದ ಅಜ್ಜಿ. ಕಾಣ್, ಅಲ್ಲಿ,” ಎಂದು ನಾನು ಅವಳ ಗದ್ದ ಹಿಡಿದು ಆ ಕಡೆ ತಿರುಗಿಸಿದೆ. ಅವಳು ಕಣ್ಣು ಕಿರಿದು ಮಾಡಿ ನೋಡಿದಳು. ಅಂದು ಬಯ್ಯಲೂ ಇಲ್ಲ, ದಣಿದಿದ್ದಳೇನೋ. ಕ್ರೇನಿನ ದೀಪಕ್ಕೆ ನೀರು ಬಿಟ್ಟು, ದಾಸವಾಳ ಇಟ್ಟು, ಸೆರಗೊಡ್ಡಿ ಕೈಮುಗಿದಳು. ನಾನೂ ಮುಗಿದೆ. ಕೆಳಗೆ ಬಂದು ಅವಳು ಊಟಕ್ಕೆ ಕೂತಳು, ನಾನು ಕೇಕಿಗೆ ಓಡಿದೆ.

ತುಟಿಗೆ ಕ್ರೀಮು ಮೆತ್ತಿಕೊಂಡು ಮರಳಿ ಬರುವಾಗ ಅಜ್ಜಿ ಮೆಟ್ಟಿಲ ಮೇಲೆ ನಿಂತಿದ್ದಳು. ಟೆರೇಸಿನಲ್ಲಿ ಚೊಂಬು ಮರೆತಿದ್ದಳಂತೆ, ತರಲು ಮತ್ತೆ ಹತ್ತಿದ್ದಳು. ಕೈಯಲ್ಲಿ ಚೊಂಬಿತ್ತು. ನನ್ನ ತೋಳು ಹಿಡಿದು, ಮೂರು ಮಾಳಿಗೆ ಹತ್ತಿಸಿ, ಟೆರೇಸಿನ ಕಟ್ಟೆಯ ಬಳಿ ತಂದು ನಿಲ್ಲಿಸಿದಳು. ಟವರಿನ ಎಡಗಡೆ ಕ್ರೇನಿನ ದೀಪ ಉರಿಯುತ್ತಿತ್ತು. ಬಲಗಡೆ, ಅದಕ್ಕಿಂತ ಮೇಲೆ, ನಿಜವಾದವನು ನಿಂತಿದ್ದ. “ಇವತ್ತ್ ಎರಡ್ ಚಂದ್ರ ಕಾಣ್ ಹೆಣ್ಣೇ,” ಎಂದಳು ಅಜ್ಜಿ. “ನೀ ಯಾವ್ದಕ್ಕೆ ಕೈ ಮುಗ್ದೆ?” ಹೊಡೆಯುತ್ತಾಳೆ ಎಂದುಕೊಂಡು ಕಣ್ಣು ಮುಚ್ಚಿದೆ. ಹೊಡೆಯಲಿಲ್ಲ. ಬಯ್ಯಲಿಲ್ಲ. ಚಂದ್ರನನ್ನೇ ಬಯ್ಯದೆ ಬಿಡದವಳು ನನ್ನನ್ನು ಬಯ್ಯಲಿಲ್ಲ, ಅಪ್ಪ ಅಮ್ಮನಿಗೆ ಹೇಳಲೂ ಇಲ್ಲ. ಅವಳ ಬಾಯಿಂದ ನಾನು ಬಯ್ಗುಳ ಬೇಡಿದ್ದು ಅದೊಂದೇ ದಿನ. ಸಿಕ್ಕಿದ್ದರೆ ಅಂದೇ ಅತ್ತು ಹಗುರವಾಗುತ್ತಿದ್ದೆ, ಇಷ್ಟು ವರ್ಷ ಇದನ್ನು ಹೊತ್ತು ತಿರುಗುವ ಅಗತ್ಯ ಇರುತ್ತಿರಲಿಲ್ಲ.

ಮುಂದಿನ ಸಂಕಷ್ಟಿಗೆ ಅವಳು ನನ್ನನ್ನು ಕರೆಯಲಿಲ್ಲ. ನಾನು ತಟ್ಟೆ ಹಿಡಿದು ಹೊರಟರೆ, ಅದನ್ನು ಕೈಯಿಂದ ತೆಗೆದುಕೊಂಡು ಒಬ್ಬಳೇ ಮೆಟ್ಟಿಲು ಹತ್ತಿದಳು. ನಾನು ಕೆಳಗೆ ಪಠ್ಯಪುಸ್ತಕ ತೆರೆದು ಕೂತು ಮೇಲಿನ ಸ್ತೋತ್ರ ಕೇಳಿಸಿಕೊಂಡೆ. ಅವಳಿಗೆ ಚಂದ್ರ ಯಾವುದು, ದೀಪ ಯಾವುದು ಎಂದು ಹೇಗೆ ತಿಳಿಯುತ್ತಿತ್ತೋ ಗೊತ್ತಿಲ್ಲ. ದೀಪ ನಿಂತಲ್ಲೇ ಇರುತ್ತದೆ, ಚಂದ್ರ ಏರುತ್ತಾನೆ, ಬಹುಶಃ ಕಂಡ ಬೆಳಕು ಏರುವುದೋ ಇಲ್ಲವೋ ಎಂದು ಖಾತ್ರಿಯಾಗುವವರೆಗೆ ಕೂತಿರುತ್ತಿದ್ದಳು. ಅದಕ್ಕೇ ಅವಳ ಊಟ ಇನ್ನೂ ತಡವಾಗತೊಡಗಿತು. ಕೆಲವು ತಿಂಗಳ ಮೇಲೆ ಹರಕೆಯ ಹನ್ನೆರಡು ವರ್ಷ ತುಂಬುವ ಹೊತ್ತಿಗೆ ಅಮ್ಮ ವ್ರತ ಮುಗಿಸುವ ಉದ್ಯಾಪನೆಯ ಮಾತು ತೆಗೆದಳು. ಕಾಕುವನ್ನು, ಬಿಲ್ಡಿಂಗಿನ ಹೆಂಗಸರನ್ನು ಕರೆದು ಕಡುಬು ಬಡಿಸಬೇಕಲ್ಲ ಎಂದಳು. ಅಜ್ಜಿ ತೆಂಗಿನಕಾಯಿ ತುರಿಯುತ್ತ, ತಲೆ ಎತ್ತದೆ, “ಇನ್ನೂ ಹನ್ನೆರಡ್ ವರ್ಷ ಇತ್ತ್,” ಎಂದಳು. ಹೊಸ ಹರಕೆ ಹೊತ್ತಿರಬೇಕು, ಮುದುಕಿಗೆ ಹುಚ್ಚು ಎಂದು ಅಮ್ಮ ಗೊಣಗಿದಳು. ಒಂದು ತಪ್ಪಿದರೂ ಮತ್ತೆ ಒಂದರಿಂದ ಎಂಬ ಮಗ್ಗಿಯ ಅರ್ಥ ಆ ಕ್ಷಣ ನನ್ನ ತಲೆಗೆ ಹತ್ತಿತು. ನನ್ನ ಜೀವ ಉಳಿಸಿಕೊಳ್ಳಲು ಅವಳು ಹನ್ನೆರಡು ವರ್ಷ ಹಸಿದಿದ್ದಳು, ಒಂದು ತುಂಡು ಕೇಕಿಗಾಗಿ ನಾನು ಅದನ್ನು ಚರಂಡಿಗೆ ಸುರಿದಿದ್ದೆ. ಆಗಲಾದರೂ ಬಾಯಿ ಬಿಡಬಹುದಿತ್ತು. ತೆಂಗಿನ ತುರಿ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಅಲ್ಲಿಂದ ಎದ್ದು ಹೋದೆ.

ಆಮೇಲೆ ಟವರುಗಳು ಒಂದರ ಪಕ್ಕ ಒಂದು ಎದ್ದು ಪೂರ್ವದಿಕ್ಕನ್ನೇ ನುಂಗಿದವು. ಉಪ್ಪಿನ ಗದ್ದೆಯ ಹೊಳಪು ಮೊದಲು ಹೋಯಿತು, ಆಮೇಲೆ ಗುಡ್ಡ ಹೋಯಿತು, ಸಾಸಿವೆ ಹೋಯಿತು, ಸೌಟಿನ ಹಿಡಿಕೆ ಹೋಯಿತು. ಅಜ್ಜಿಯ ಪೊರೆ ತೆಗೆಸಿದರು. ಕಣ್ಣು ಬಂದಾಗ ನೋಡಲು ಆಕಾಶವಿರಲಿಲ್ಲ. ಅಪ್ಪ ತೀರಿಕೊಂಡ ವರ್ಷವೂ ಅವಳು ಸಂಕಷ್ಟಿ ಬಿಡಲಿಲ್ಲ. ಕೊನೆಗೆ ಅವಳ ಹೃದಯ ಸೋಲತೊಡಗಿತು. ನಾನು ಅಂಧೇರಿಯ ಒಂದು ಆಫೀಸಿನಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಡಾಕ್ಟರು ಉಪವಾಸ ಕೂಡದು, ಮೆಟ್ಟಿಲು ಕೂಡದು ಎಂದರು. ಮೆಟ್ಟಿಲನ್ನು ಅವಳು ಒಪ್ಪಿಕೊಂಡಳು, ಏಕೆಂದರೆ ಏಳಲು ಆಗುತ್ತಿರಲಿಲ್ಲ. ಆ ಮಾಘದ ಸಂಕಷ್ಟಿಯ ಸಂಜೆ ಲೋಕಲ್ ಇಳಿದು ಮನೆಗೆ ಬಂದಾಗ ಅಮ್ಮ ಗಂಜಿಯ ಬಟ್ಟಲು ಹಿಡಿದು ಮಂಚದ ಪಕ್ಕ ನಿಂತಿದ್ದಳು, ಅಜ್ಜಿ ತುಟಿ ಬಿಗಿದು ಮಲಗಿದ್ದಳು. ನನ್ನನ್ನು ಕಂಡು ತುಟಿ ತೆರೆದಳು. “ಬಂದ್ನಾ ಹೆಣ್ಣೇ?” ಎಂದಳು. ಹನ್ನೆರಡು ವರ್ಷಕ್ಕೆ ಹತ್ತಿರವಾಗಿತ್ತು ಅವಳು ನನ್ನನ್ನು ಆ ಪ್ರಶ್ನೆ ಕೇಳಿ.

ಚಪ್ಪಲಿ ಬಿಡದೆ ಮೇಲಕ್ಕೆ ಓಡಿದೆ. ಬೀಗದವ ಮುದುಕನಾಗಿದ್ದ, ಬಾಗಿಲಲ್ಲೇ ಬೀಗದ ಕೈ ಹಿಡಿದು ನಿಂತಿದ್ದ. ಸ್ತೋತ್ರ ಕೇಳಿಸದ ಸಂಕಷ್ಟಿ ಅವನಿಗೂ ಹೊಸದು. ಅವನೇ ಟೆರೇಸಿನ ಬಾಗಿಲು ತೆಗೆದು ನನ್ನ ಪಕ್ಕದಲ್ಲಿ ನಿಂತ. ಗಂಟೆ ಒಂಬತ್ತೂಕಾಲು, ಕ್ಯಾಲೆಂಡರಿನ ಹೊತ್ತು ಆಗಿತ್ತು. ತಲೆಯ ಮೇಲೆ ಮೂರು ಇಡ್ಲಿ ಮಾತ್ರ ಹೇಗೋ ಉಳಿದುಕೊಂಡಿದ್ದವು. ಪೂರ್ವಕ್ಕೆ ನಲವತ್ತು ಮಾಳಿಗೆಯ ಗೋಡೆ, ಅದರ ಹಿಂದೆ ಆಕಾಶ ತುಸು ಬೆಳ್ಳಗಾಗಿತ್ತು. ಚಂದ್ರ ಅಲ್ಲೇ ಇದ್ದ, ಕಾಣುತ್ತಿರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ನಾನು ದೇವರನ್ನು ಏನನ್ನೋ ಬೇಡಿದೆ. ಒಂದು ತುಂಡು ಮೋಡ. ಮೋಡಕ್ಕೆ ಮಾಫಿ ಇತ್ತಲ್ಲ. ಆಕಾಶ ತೊಳೆದಿಟ್ಟ ಬೋಗುಣಿಯ ಹಾಗೆ ಬರಿದಾಗಿತ್ತು. “ಅಭಿ ಆಯೇಗಾ,” ಎಂದ ಬೀಗದವ. ಕೆಳಗೆ ಬಂದೆ. ಅಮ್ಮ ಅಜ್ಜಿಯ ಹಿಂದೆ ನಿಂತು ನನಗೆ ಕಣ್ಣಿನಲ್ಲೇ ಹೇಳುತ್ತಿದ್ದಳು: ಬಂದ ಅನ್ನು, ಒಂದು ತುತ್ತು ಇಳಿಯಲಿ. ಅಜ್ಜಿ ನನ್ನ ಮುಖವನ್ನೇ ನೋಡುತ್ತಿದ್ದಳು. ಈಗ ಅವಳ ಕಣ್ಣು ಸರಿಯಾಗಿತ್ತು. “ಕಾಣ್ತಿಲ್ಲೆ ಅಜ್ಜಿ,” ಎಂದೆ. “ಬಿಲ್ಡಿಂಗ್ ಹಿಂದ್ ಇದ್ದ.” ಅವಳ ಮುಖದಲ್ಲಿ ಏನೋ ಸಡಿಲವಾಯಿತು. ನನ್ನ ಕೈ ಹಿಡಿದು, “ಹಾಂಗಾರೆ ಕಾಯ್ವ,” ಎಂದಳು. ಒಂದಿಷ್ಟು ಹೊತ್ತಾದ ಮೇಲೆ ಅವಳೇ ಕೈ ಬಿಟ್ಟು, ಹೋಗಿ ನೋಡು ಎಂಬಂತೆ ಬಾಗಿಲ ಕಡೆ ಗದ್ದ ಎತ್ತಿದಳು. ಚಂದ್ರ ಟವರಿನ ನೆತ್ತಿಯಿಂದ ಹೊರಬರುವಾಗ ಹತ್ತೂವರೆ ದಾಟಿತ್ತು. ನಾನು ಅವನನ್ನು ಬಯ್ದೆ, ಅಜ್ಜಿಯ ಮಾತಿನಲ್ಲೇ ಬಯ್ದೆ, ಬಯ್ಯುತ್ತಲೇ ಮೆಟ್ಟಿಲು ಇಳಿದೆ. ಬಾಗಿಲಲ್ಲೇ “ಬಂದ ಅಜ್ಜಿ” ಎಂದು ಕೂಗಿದೆ. ಅಮ್ಮ ಅವಳ ಕಣ್ಣು ಮುಚ್ಚುತ್ತಿದ್ದಳು. ಗಂಜಿಯ ಮೇಲೆ ಕೆನೆ ಕಟ್ಟಿತ್ತು.

“ಬಂದ ಅಂದಿದ್ರೆ ನಿನ್ನ್ ಗಂಟ್ ಎಂತ ಹೋತಿತ್ತ್?” ಎಂದು ಅಮ್ಮ ಕೇಳಿದಳು. ಹಸಿದ ಹೊಟ್ಟೆಯಲ್ಲಿ ಅವಳನ್ನು ಕಳಿಸಿದೆ ನೀನು, ಎಂದಳು. ನನ್ನ ಬಳಿ ಉತ್ತರವಿತ್ತು, ಆದರೆ ಅದನ್ನು ಹೇಳಬೇಕಾದರೆ ಕ್ರೇನಿನಿಂದ ಶುರುಮಾಡಬೇಕಿತ್ತು. ಹೇಳಲಿಲ್ಲ, ಇವತ್ತಿನವರೆಗೂ ಹೇಳಿಲ್ಲ. ನಿಮಗೆ ಹೇಳಿದ್ದೇ ಮೊದಲು. ಆ ಬಿಲ್ಡಿಂಗನ್ನು ಕೆಡವಿ ಅಲ್ಲೂ ಟವರು ಎಬ್ಬಿಸಿದ್ದಾರೆ, ಈಗ ಅದೂ ಯಾರದೋ ಚಂದ್ರನಿಗೆ ಅಡ್ಡ ನಿಂತಿದೆ. ಅಮ್ಮ ನನ್ನ ಜೊತೆ ಜೋಗೇಶ್ವರಿಯಲ್ಲಿದ್ದಾಳೆ. ಗಣಪತಿಯ ಮೇಲೆ ನನಗೆ ಭಕ್ತಿಯಿಲ್ಲ, ಜಗಳವಿದೆ. ಸಂಕಷ್ಟಿಯ ದಿನ ನಾನು ಉಪವಾಸ ಮಾಡುವುದಿಲ್ಲ, ಚಂದ್ರ ಕಾಣುವವರೆಗೆ ರಾತ್ರಿಯ ಊಟ ಮಾಡುವುದಿಲ್ಲ, ಅಷ್ಟೆ. ಟೆರೇಸಿಗೆ ಹೋಗಿ ಡಾಂಬರಿನ ಮೇಲೆ ಕೂತು, ಇದ್ದಬದ್ದ ನಕ್ಷತ್ರಗಳನ್ನು ಅಜ್ಜಿ ಇಟ್ಟ ಹೆಸರಿನಲ್ಲಿ ಕರೆಯುತ್ತೇನೆ. ಅಮ್ಮ ಆ ದಿನಗಳಲ್ಲಿ ಬೇಕೆಂದೇ ಎಂಟು ಗಂಟೆಗೆ ಉಂಡು, ನನ್ನ ತಟ್ಟೆ ಮುಚ್ಚಿಟ್ಟು ಗೋಡೆಯ ಕಡೆ ತಿರುಗಿ ಮಲಗುತ್ತಾಳೆ. ಅವಳ ಕಣ್ಣಿಗೂ ಈಗ ಪೊರೆ ಬಂದಿದೆ, ಹೃದಯದ ಮಾತ್ರೆಯೂ ಶುರುವಾಗಿದೆ. ನಾನು ಇಳಿದು ಬರುವ ಸದ್ದಿಗೆ ಎಚ್ಚರವಾಗುತ್ತದೆ, ನನಗೆ ಗೊತ್ತು. ಚಂದ್ರ ಬಂದನೇ ಎಂದು ಅವಳು ಒಮ್ಮೆಯೂ ಕೇಳಿಲ್ಲ. ಎಂದಾದರೂ ಕೇಳಿದರೆ ಏನು ಹೇಳಬೇಕೆಂದು ನನಗೆ ಇನ್ನೂ ಗೊತ್ತಿಲ್ಲ.